ಚಲನಭಯದ ಅಳತೆಗೋಲು: ಒಂದು ವಿಮರ್ಶೆ

ಕಾಯಿಲೆ ವಾಸಿಯಾದ ಬಳಿಕವೂ ಕಾಯಿಲೆಯ ಅಂಜಿಕೆ ವಾಸಿಯಾಗದೆ ಉಳಿಯುವುದುಂಟು. ಹೃದಯಕ್ಕೆ ರಕ್ತವನ್ನೊಯ್ಯುವ ಧಮನಿಯ ಅಡಚಣೆಯನ್ನು ಬಲೂನಿನಿಂದ ಬಿಡಿಸಿಕೊಂಡು, ಅಲ್ಲಿ ಲೋಹದ ಜಾಲರಿಯೊಂದನ್ನು, ಎಂದರೆ ಸ್ಟೆಂಟನ್ನು, ಇರಿಸಿಕೊಂಡು ಮನೆಗೆ ಮರಳಿದವರಲ್ಲಿ ಇದು ವಿಶೇಷವಾಗಿ ಕಾಣುತ್ತದೆ. ನಡೆದರೆ, ಬಾಗಿದರೆ, ಮೆಟ್ಟಿಲೇರಿದರೆ ಎದೆಗೆ ಕೇಡಾದೀತೆಂದು ಅವರು ಚಲನೆಯನ್ನೇ ವರ್ಜಿಸುತ್ತಾರೆ. ಶಾಸ್ತ್ರಜ್ಞರು ಇದಕ್ಕೆ ಕೈನೇಸಿಯೋಫೋಬಿಯಾ ಎಂದು ಹೆಸರಿಟ್ಟಿದ್ದಾರೆ. ನಾವು ಚಲನಭಯವೆಂದು ಕರೆಯೋಣ. ಈ ಭಯವನ್ನು ಅಳೆಯಲು ಬಳಕೆಯಲ್ಲಿರುವ ಪ್ರಶ್ನಾವಳಿಯು ನಮ್ಮ ನಾಡಿನ ರೋಗಿಯ ಮನಸ್ಸನ್ನು ಎಷ್ಟರಮಟ್ಟಿಗೆ ಮುಟ್ಟಬಲ್ಲುದೆಂಬುದನ್ನು ಪರಾಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ. ನಾಡು ಎಂಬುದು ಬಹು ವಿಸ್ತಾರವಾದ ಮಾತಾದುದರಿಂದ, ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನ ಕಟಕೋಳದಂತಹ ಒಂದು ಊರನ್ನು ಮನಸ್ಸಿನಲ್ಲಿಟ್ಟುಕೊಂಡು ವಿಚಾರಿಸುವುದು ಲೇಸು.

ಮೊದಲು ಅಳತೆಗೋಲಿನ ಪೂರ್ವಾಪರವನ್ನು ನೋಡಬೇಕು. ಟ್ಯಾಂಪಾ ಪ್ರಮಾಣಿಯೆಂದು ಹೆಸರಾದ ಈ ಪ್ರಶ್ನಾವಳಿಯನ್ನು 1990ರ ಸುಮಾರಿಗೆ ಅಮೆರಿಕದಲ್ಲಿ ಮಿಲ್ಲರ್, ಕೋರಿ, ಟಾಡ್ ಎಂಬವರು ರಚಿಸಿದರು. ಅದು ಹುಟ್ಟಿದುದು ಹೃದ್ರೋಗಿಗಳಿಗಾಗಿ ಅಲ್ಲ. ಬೆನ್ನುನೋವೇ ಮೊದಲಾದ ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ. ಅದರಲ್ಲಿ 17 ಹೇಳಿಕೆಗಳಿವೆ. ಒಂದೊಂದಕ್ಕೂ 1ರಿಂದ 4ರವರೆಗೆ ಅಂಕ. ಒಟ್ಟು 37ನ್ನು ಮೀರಿದರೆ ಭಯವು ಅಧಿಕವೆಂದು ಗಣನೆ. ಸ್ವೀಡನ್ನಿನ ಮಾರಿಯಾ ಬ್ಯಾಕ್ ಮತ್ತು ಅವರ ಸಹೋದ್ಯೋಗಿಗಳು 2012ರಲ್ಲಿ ಇದನ್ನೇ ಹೃದಯಕ್ಕೆ ಹೊಂದಿಸಿಕೊಂಡರು. ಮರುವರ್ಷ ಪ್ರಕಟವಾದ ಅವರ ಅಧ್ಯಯನದಲ್ಲಿ 332 ರೋಗಿಗಳ ಪೈಕಿ ಶೇಕಡಾ 20ರಷ್ಟು ಮಂದಿಯಲ್ಲಿ ಅಧಿಕ ಚಲನಭಯ ಕಂಡುಬಂದಿತು. ಅದುವರೆಗೆ ವೈದ್ಯರ ಕಣ್ಣಿಗೆ ಬರಿಯ ಸೋಮಾರಿತನವಾಗಿ ತೋರುತ್ತಿದ್ದುದಕ್ಕೆ ಹೆಸರೂ ಲೆಕ್ಕವೂ ದೊರೆತುವು. ಈ ಉಪಕಾರವನ್ನು ಅಲ್ಲಗಳೆಯಲಾಗದು.

ಆದರೂ ಇಲ್ಲೊಂದು ಆಕ್ಷೇಪವೇಳುತ್ತದೆ. ಭಯವು ರೋಗಿಯ ತಪ್ಪು ತಿಳಿವಳಿಕೆಯೆಂದು ಈ ಪ್ರಮಾಣಿ ಗ್ರಹಿಸುತ್ತದೆ. ಆ ತಿಳಿವಳಿಕೆಯನ್ನು ಕಲಿಸಿದವರಾರು? 1912ರಲ್ಲಿ ಜೇಮ್ಸ್ ಹೆರಿಕ್ ಹೃದಯಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ವಿವರಿಸಿದ ಬಳಿಕ ಹಲವು ದಶಕಗಳ ಕಾಲ, ವಾರಗಟ್ಟಲೆ ಹಾಸಿಗೆ ಬಿಟ್ಟೇಳಬಾರದೆಂಬುದೇ ವೈದ್ಯಶಾಸ್ತ್ರದ ಕಟ್ಟಪ್ಪಣೆಯಾಗಿತ್ತು. 1952ರಲ್ಲಿ ಲಿವೈನ್ ಮತ್ತು ಲೌನ್ ಅವರು 81 ರೋಗಿಗಳನ್ನು ಬೇಗನೆ ಹಾಸಿಗೆಯಿಂದೆಬ್ಬಿಸಿ ಕುರ್ಚಿಯಲ್ಲಿ ಕೂಡಿಸಿದ ವೃತ್ತಾಂತವನ್ನು ಪ್ರಕಟಿಸಿದಾಗ ಅದೊಂದು ಸಾಹಸವೆನಿಸಿತು. 1977ರಲ್ಲಿ ಜ್ಯೂರಿಕ್ಕಿನಲ್ಲಿ ಗ್ರುಂಟ್ಸಿಗ್ ಮೊದಲ ಬಲೂನು ಚಿಕಿತ್ಸೆಯನ್ನು ನಡೆಸಿದ ಮೇಲಂತೂ ವಿಶ್ರಾಂತಿಯ ಅವಧಿ ಇಳಿಯುತ್ತ ಬಂದಿತು. ಶಾಸ್ತ್ರವು ತನ್ನ ಹಳೆಯ ಮಾತನ್ನು ಹಿಂತೆಗೆದುಕೊಂಡಿತು; ಆದರೆ ಹಾಗೆ ಹಿಂತೆಗೆದುಕೊಂಡುದನ್ನು ಹಳ್ಳಿಗೆ ಡಂಗುರ ಸಾರಿ ತಿಳಿಸಲಿಲ್ಲ. ಆದುದರಿಂದ ನಾವು ರೋಗಿಯ ಅಜ್ಞಾನವೆನ್ನುವುದು ಬಹುಮಟ್ಟಿಗೆ ನಿನ್ನೆಯ ವೈದ್ಯಶಾಸ್ತ್ರವೇ.

ಎರಡನೆಯದು ಭಾಷೆಯ ಪ್ರಶ್ನೆ. ಭಾರತೀಯ ಕಾವ್ಯಮೀಮಾಂಸೆಯಲ್ಲಿ ಭಯವು ಸ್ಥಾಯಿಭಾವ. ಶಂಕೆ, ತ್ರಾಸಗಳು ಬಂದುಹೋಗುವ ಸಂಚಾರಿಭಾವಗಳು. ಅಲ್ಲಿ ತ್ರಾಸವೆಂದರೆ ಥಟ್ಟನೆ ಬೆಚ್ಚುವುದು. ಆದರೆ ಬೆಳಗಾವಿ ಸೀಮೆಯ ಆಡುಮಾತಿನಲ್ಲಿ ತ್ರಾಸವೆಂದರೆ ಕಷ್ಟ, ತೊಂದರೆ, ಆಯಾಸ. 'ಏರು ಹತ್ತಿದರ ಎದಿಗೆ ತ್ರಾಸ ಆಕ್ಕೈತ್ರಿ' ಎಂದು ರೋಗಿಯೊಬ್ಬನು ಹೇಳಿದರೆ ಅದು ನೋವೋ, ಏದುಸಿರೋ, ಅಳುಕೋ? ಮೂರೂ ಆಗಿರಬಹುದು. ನೋವು ಬೇರೆ, ನೋವಿನ ಭಯ ಬೇರೆ ಎಂಬ ವಿಂಗಡಣೆಯೇ ಪ್ರಮಾಣಿಯ ತಳಹದಿ. ಈ ನುಡಿಯಾದರೋ ಎರಡನ್ನೂ ಒಂದೇ ಮಾತಿನಲ್ಲಿ ಹಿಡಿದಿಡುತ್ತದೆ. ಇದು ಬರಿಯ ಶಬ್ದಚರ್ಚೆಯಲ್ಲ. ನಿಜವಾದ ಎದೆನೋವನ್ನು ಭಯವೆಂದು ತಳ್ಳಿಹಾಕಿದರೆ ಪ್ರಾಣಕ್ಕೆ ಸಂಚಕಾರ. ಭಯವನ್ನು ರೋಗವೆಂದು ಬಗೆದರೆ ಬಾಳು ಮೊಟಕಾಗುತ್ತದೆ. ಇಂತಹ ಕಡೆ ಅನುವಾದಕನ ಹೊಣೆ ವೈದ್ಯನ ಹೊಣೆಗಿಂತ ಕಡಿಮೆಯದಲ್ಲ.

ಮೂರನೆಯದಾಗಿ, ಪ್ರಮಾಣಿಯು ಒಬ್ಬೊಬ್ಬನನ್ನೇ ಪ್ರಶ್ನಿಸುತ್ತದೆ. ನಮ್ಮ ಮನೆಗಳಲ್ಲಿ ಭಯವು ಒಬ್ಬನ ಸೊತ್ತಲ್ಲ. ಚಿಕಿತ್ಸೆಗಾಗಿ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಿಬಂದ ಒಕ್ಕಲಿಗನಿಗೆ ಹೊಲಕ್ಕೆ ಹೋಗುವ ಧೈರ್ಯವಿದ್ದರೂ ಮಗ ಬಿಡನು. ಹೆಣ್ಣುಮಗಳು ಕೊಡಕ್ಕೆ ಕೈಹಾಕಿದರೆ ಸೊಸೆ ಕಸಿದುಕೊಳ್ಳುವಳು. ಪ್ರೀತಿಯೇ ಇಲ್ಲಿ ಕಟ್ಟುಪಾಡಾಗುತ್ತದೆ. ಕಟ್ಟೆಯ ಮೇಲೆ ಕುಳಿತು ದಿನಗಳೆಯುವ ಆ ಮನುಷ್ಯನ ಅಂಕ 37ರ ಕೆಳಗೇ ಇದ್ದೀತು. ಅವನ ಕಾಲು ಮಾತ್ರ ಹೊಸ್ತಿಲು ದಾಟುವುದಿಲ್ಲ. ದುಡಿಮೆಯೇ ಮನ್ನಣೆಯಾದ ಊರಿನಲ್ಲಿ ಇದೆಷ್ಟು ದೊಡ್ಡ ನಷ್ಟವೆಂಬುದನ್ನು ಹೇಳಬೇಕಾಗಿಲ್ಲ.

ಭಯವು ತನ್ನ ವಿಷಯವನ್ನು ತಪ್ಪಿ ಬೇರೆಡೆ ನೆಟ್ಟಿರುವುದನ್ನೂ ಗಮನಿಸಬೇಕು. ಒಳಗಿಟ್ಟ 'ಸ್ಪ್ರಿಂಗು' ನಡೆದರೆ ಜಾರೀತೆಂಬ ಅಳುಕು ಸಾಮಾನ್ಯವಾದುದು. ವಾಸ್ತವದಲ್ಲಿ ಆ ಜಾಲರಿಯನ್ನು ಬಲೂನಿನ ಒತ್ತಡದಿಂದ ಧಮನಿಯ ಗೋಡೆಗೆ ಒತ್ತಿ ಕೂಡಿಸಿರುತ್ತಾರೆ. ಕ್ರಮೇಣ ಅದರ ಮೇಲೆ ಒಳಪೊರೆ ಬೆಳೆಯುತ್ತದೆ. ನಡಿಗೆಯಿಂದ ಅದು ಕದಲುವುದಿಲ್ಲ. ನಿಜವಾದ ಅಪಾಯವಿರುವುದು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಗುಳಿಗೆಗಳನ್ನು ವೈದ್ಯರ ಅಪ್ಪಣೆಯಿಲ್ಲದೆ ನಿಲ್ಲಿಸುವುದರಲ್ಲಿ. ಹೆಜ್ಜೆಗೆ ಅಂಜಿ ಗುಳಿಗೆ ಬಿಡಲು ಅಂಜದಿರುವುದು ಎಂತಹ ವಿಪರ್ಯಾಸ! ಪ್ರಮಾಣಿಯು ಭಯದ ಮೊತ್ತವನ್ನು ಅಳೆಯುತ್ತದೆಯೇ ಹೊರತು ಈ ದಿಕ್ಕು ತಪ್ಪಿದುದನ್ನಲ್ಲ.

ಇನ್ನು ಭಯಕ್ಕೆ ಇತಿಹಾಸವೂ ಉಂಟು. 2021ರ ಅಕ್ಟೋಬರ್ 29ರಂದು ಚಿತ್ರನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವ್ಯಾಯಾಮ ಮಾಡಿದ ಬೆನ್ನಲ್ಲೇ ಹೀಗಾಯಿತೆಂಬ ಸುದ್ದಿ ನಾಡಿನ ಮೂಲೆಮೂಲೆಯನ್ನೂ ಮುಟ್ಟಿತು. ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಕಿಕ್ಕಿರಿದರು. 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿಯಿಂದ ಮೈಸೂರಿನ ಜಯದೇವದಲ್ಲಿ ಅದೇ ದೃಶ್ಯ ಮರುಕಳಿಸಿತು. ಇದನ್ನು ಕಂಡವನ ಮುಂದೆ 'ವ್ಯಾಯಾಮದಿಂದ ಹೃದಯಕ್ಕೆ ಅಪಾಯವಾಗಬಹುದು' ಎಂಬಂತಹ ಹೇಳಿಕೆಯಿಟ್ಟು ಒಪ್ಪುವೆಯಾ ಎಂದು ಕೇಳಿದರೆ, ಅವನ ಉತ್ತರವು ಮನೋವಿಕಾರವಲ್ಲ, ನೆನಪು. ಆ ನೆನಪನ್ನು ಗದರಿಸಿ ಓಡಿಸಲಾಗದು, ವಿವರಿಸಿ ಸಮಾಧಾನಪಡಿಸಬೇಕು.

ಸಮಾಧಾನಕ್ಕೆ ಆಧಾರಗಳಿಲ್ಲದೆ ಇಲ್ಲ. 85 ಪ್ರಯೋಗಗಳನ್ನೂ 23,430 ರೋಗಿಗಳನ್ನೂ ಒಳಗೊಂಡ 2021ರ ಕಾಕ್ರೇನ್ ಸಮೀಕ್ಷೆಯು, ಕ್ರಮಬದ್ಧ ವ್ಯಾಯಾಮದಿಂದ ಹೃದ್ರೋಗದ ಮರಣವೂ ಮತ್ತೆ ಆಸ್ಪತ್ರೆ ಸೇರುವುದೂ ಕಡಿಮೆಯಾಗುವುದೆಂದು ತಿಳಿಸುತ್ತದೆ. ಭಾರತದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ 3,959 ಮಂದಿಯ ಮೇಲೆ ಯೋಗಾಧಾರಿತ ಪುನಶ್ಚೇತನವನ್ನು ಪರೀಕ್ಷಿಸಿದ ಪ್ರಯೋಗವು 2020ರಲ್ಲಿ ಪ್ರಕಟವಾಯಿತು. ಸಾವು ಮೊದಲಾದ ಗಂಭೀರ ಪರಿಣಾಮಗಳಲ್ಲಿ ನಿಶ್ಚಿತವಾದ ವ್ಯತ್ಯಾಸ ಅಲ್ಲಿ ಸಿದ್ಧಪಡಲಿಲ್ಲವೆಂಬುದನ್ನು ಮುಚ್ಚಿಡಬಾರದು. ಆದರೆ ಯೋಗ ಕಲಿತವರು ಹಿಂದಿನ ಚಟುವಟಿಕೆಗಳಿಗೆ ಹೆಚ್ಚಾಗಿ ಮರಳಿದರು. ನಮ್ಮ ವಿಷಯಕ್ಕೆ ಇದೇ ಮುಖ್ಯವಾದ ಮಾತು.

ಹಾಗಾದರೆ ಅಳತೆಗೋಲನ್ನು ಬಿಸುಡಬೇಕೆ? ಬೇಡ, ಅದನ್ನು ನಮ್ಮ ನೆಲದಲ್ಲಿ ಊರಿ ನೋಡಬೇಕು. 'ವ್ಯಾಯಾಮ' ಎಂಬ ಪರಕೀಯ ಕಲ್ಪನೆಯ ಬದಲು ಹೊಲಕ್ಕೆ ನಡೆಯುವುದು, ನೀರು ಹೊರುವುದು, ಸವದತ್ತಿಯ ಎಲ್ಲಮ್ಮನ ಗುಡ್ಡ ಹತ್ತುವುದು ಇವನ್ನು ಹೆಸರಿಸಿ ಕೇಳಬೇಕು. ರೋಗಿಯ ಜೊತೆಗೆ ಮನೆಯವರನ್ನೂ ಕೇಳಬೇಕು. ಆಸ್ಪತ್ರೆಯಿಂದ ಬೀಳ್ಕೊಡುವಾಗ ಬರಿಯ 'ರೆಸ್ಟ್ ತಗೊಳ್ಳಿ' ಎಂಬ ಮಾತು ಸಾಲದು. ಎಷ್ಟು ದಿನ ಭಾರ ಎತ್ತಬಾರದು, ಎಂದಿನಿಂದ ಎಷ್ಟು ನಡೆಯಬೇಕು, ಮಾತನಾಡುತ್ತ ನಡೆಯಲಾಗುವಷ್ಟೇ ವೇಗ ಸಾಕು, ಎದೆನೋವು ಬಂದರೆ ನಿಂತು ವೈದ್ಯರನ್ನು ಕಾಣಬೇಕು ಎಂಬ ಸ್ಪಷ್ಟವಾದ ಅಪ್ಪಣೆಯಿರಬೇಕು. 'ಬೇಡ' ಎಂಬುದಕ್ಕೆ ಅವಧಿಯನ್ನು ಹೇಳದಿದ್ದರೆ ಅದು ಆಜೀವ ಶಾಸನವಾಗುತ್ತದೆ. ಈ ಪ್ರಶ್ನಾವಳಿಯನ್ನು ಕನ್ನಡದಲ್ಲಿ ಬಳಸಹೊರಡುವ ವಿದ್ಯಾರ್ಥಿಗಳು ಅಂಕಗಳನ್ನು ಕೂಡುವ ಮೊದಲು ಕಟಕೋಳದಂತಹ ಊರಿನ ಕಟ್ಟೆಯ ಮೇಲೆ ಒಂದು ಮಧ್ಯಾಹ್ನ ಕುಳಿತು ಆ ಮಾತುಗಳನ್ನು ಆಲಿಸಿದರೆ, ಅವರ ಸಂಶೋಧನೆಗೂ ಆ ರೋಗಿಗೂ ಹಿತವಾದೀತು.