ಸಾಕೇ, ಸಾಲದೇ?

ಉತ್ತರ ಬೇಡ, ಉತ್ತರಕ್ಕೆ ಬೇಕಾದಷ್ಟು ಮಾಹಿತಿ ಇದೆಯೇ ಅಷ್ಟೇ ಹೇಳಿ ಎನ್ನುತ್ತದೆ ಜಿಮ್ಯಾಟ್ ಪರೀಕ್ಷೆಯ ‘ಡೇಟಾ ಸಫಿಷಿಯೆನ್ಸಿ’ ಲೆಕ್ಕ. ಅದರಲ್ಲೂ ಒಬ್ಬರೇ ಎರಡು ಗುಂಪಿಗೂ ಸೇರುವ ಲೆಕ್ಕಗಳೆಂದರೆ ನನಗೆ ಬಲು ಇಷ್ಟ.

100 ಜನರಲ್ಲಿ 60 ಮಂದಿ ಕಾಫಿ, 50 ಮಂದಿ ಟೀ ಕುಡಿಯುತ್ತಾರೆ. ಎರಡನ್ನೂ ಕುಡಿಯುವವರೆಷ್ಟು? ‘ಬರೀ ಕಾಫಿಯವರು ಬರೀ ಟೀಯವರಿಗಿಂತ 10 ಹೆಚ್ಚು’ ಎಂಬ ಹೇಳಿಕೆ ತೂಕದ್ದೆನಿಸುತ್ತದೆ. ಆದರೆ ಎರಡೂ ಕಡೆ ಕಳೆಯುವುದು ಒಂದೇ ಸಂಖ್ಯೆಯಾದ್ದರಿಂದ ಆ ವ್ಯತ್ಯಾಸ ಯಾವಾಗಲೂ 10, ಹೊಸದೇನೂ ತಿಳಿಯದು. ‘ಎರಡನ್ನೂ ಮುಟ್ಟದವರು 10’ ಎಂದರೆ ಸಾಕು: 60ಕ್ಕೆ 50 ಕೂಡಿಸಿ, ಒಂದನ್ನಾದರೂ ಕುಡಿಯುವ 90 ಮಂದಿಯನ್ನು ಕಳೆದರೆ 20.

1880ರಲ್ಲಿ ಜಾನ್ ವೆನ್ ವಿವರಿಸಿದ ವೃತ್ತಗಳನ್ನು ಬರೆದುಕೊಂಡರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಕೂಡಿ ಕಳೆಯುವ ಮೊದಲು ಗೊತ್ತಿರುವುದೇನು, ಬೇಕಾದದ್ದೇನು ಎಂದು ಕೇಳಿಕೊಳ್ಳುವುದನ್ನು ಇಷ್ಟು ಚೆನ್ನಾಗಿ ಕಲಿಸುವ ಲೆಕ್ಕ ನಾನು ಬೇರೆ ಕಂಡಿಲ್ಲ.