ಪ್ರತಿಭೆಯೂ ಅದನ್ನು ಕಾಣುವ ಕಣ್ಣೂ

ಪ್ರತಿಭೆಯನ್ನು ಕಲಿಸಬಹುದೇ ಎಂಬ ಪ್ರಶ್ನೆ ಈಚೆಗೆ ಕಾವ್ಯದ ತರಗತಿಯಿಂದ ಕಚೇರಿಯ ಸಭಾಂಗಣಕ್ಕೆ ವಲಸೆ ಹೋಗಿದೆ. ಕಂಪೆನಿಗಳೂ ಬ್ಯಾಂಕುಗಳೂ ತಮ್ಮ ನೌಕರರಿಗಾಗಿ ಸೃಜನಶೀಲತೆಯ ಶಿಬಿರಗಳನ್ನು ನಡೆಸುತ್ತವೆ. ಮುಂದಾಳಾಗಬೇಕೆನ್ನುವವನಿಗೆ ಅದು ಅವಶ್ಯವಾದ ಕೌಶಲವೆಂದು ಪುಸ್ತಕಗಳು ಸಾರುತ್ತವೆ. ಇದನ್ನು ಕೇಳಿ ನಗುವ ಸಾಹಿತ್ಯಪ್ರಿಯರುಂಟು. ಪ್ರತಿಭೆ ದೈವದತ್ತವಾದುದು, ಮೂರು ದಿನಗಳ ಶಿಬಿರದಲ್ಲಿ ಅದನ್ನು ಹಂಚುವುದುಂಟೇ ಎಂಬುದು ಅವರ ಆಕ್ಷೇಪಣೆ. ನಾನು ಆ ನಗೆಯಲ್ಲಿ ಸೇರಲಾರೆ. ಏಕೆಂದರೆ, ನಮ್ಮ ಆಲಂಕಾರಿಕರು ಈ ಪ್ರಶ್ನೆಯನ್ನು ನಕ್ಕು ಬಿಟ್ಟವರಲ್ಲ, ಗಂಭೀರವಾಗಿಯೇ ಕೈಗೆತ್ತಿಕೊಂಡವರು.

ದಂಡಿಯನ್ನೇ ನೋಡಿ. ಒಂಬತ್ತನೆಯ ಶತಮಾನದ ನಮ್ಮ ‘ಕವಿರಾಜಮಾರ್ಗ’ಕ್ಕೆ ಮುಖ್ಯ ಆಧಾರವಾದದ್ದು ಅವನ ‘ಕಾವ್ಯಾದರ್ಶ’. ಹುಟ್ಟಿನಿಂದ ಬಂದ ಪ್ರತಿಭೆ, ನಿರ್ಮಲವಾದ ಪಾಂಡಿತ್ಯ, ಬಿಡದ ಅಭ್ಯಾಸ ಇವು ಕಾವ್ಯಸಂಪತ್ತಿಗೆ ಕಾರಣವೆಂದು ಹೇಳಿದ ದಂಡಿ ಅಷ್ಟಕ್ಕೇ ನಿಲ್ಲುವುದಿಲ್ಲ. ಹುಟ್ಟುಪ್ರತಿಭೆ ಇಲ್ಲದವನೂ ಓದಿನಿಂದ, ಶ್ರಮದಿಂದ ವಾಗ್ದೇವಿಯನ್ನು ಸೇವಿಸಿದರೆ ಅವಳು ಏನಾದರೂ ಒಂದಿಷ್ಟು ಅನುಗ್ರಹವನ್ನು ಮಾಡದೆ ಇರಳೆಂದು ಧೈರ್ಯ ಹೇಳುತ್ತಾನೆ. ಸಾಮಾನ್ಯರಾದ ನಮಗೆ ಇದಕ್ಕಿಂತ ದೊಡ್ಡ ಆಶ್ವಾಸನೆ ಬೇಕೇ?

ಆದರೆ ಆಶ್ವಾಸನೆಯ ಜೊತೆಗೆ ಒಂದು ಎಚ್ಚರವೂ ಉಂಟು. ಹನ್ನೊಂದನೆಯ ಶತಮಾನದ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ಮೂರನ್ನು ಎಣಿಸುತ್ತಾನೆ: ಶಕ್ತಿ, ಲೋಕ, ಶಾಸ್ತ್ರ, ಕಾವ್ಯಗಳನ್ನು ಕಣ್ಣಿಟ್ಟು ನೋಡಿದ್ದರಿಂದ ಬರುವ ನಿಪುಣತೆ, ಬಲ್ಲವರ ಶಿಕ್ಷಣದಲ್ಲಿ ಮಾಡುವ ಅಭ್ಯಾಸ. ಇವು ಮೂರು ಬೇರೆಬೇರೆ ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣ ಎಂಬುದು ಅವನ ಬಿಗಿಯಾದ ನಿಲವು. ಇಂದಿನ ಶಿಬಿರಗಳ ಕೊರತೆ ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಅವು ಅಭ್ಯಾಸದ ತುಣುಕೊಂದನ್ನು ಹಿಡಿದುಕೊಂಡು ಲೋಕವನ್ನು ಹೊರಗೆ ಬಿಟ್ಟಿವೆ. ಬಣ್ಣದ ಚೀಟಿಗಳ ಮೇಲೆ ಹತ್ತು ನಿಮಿಷದಲ್ಲಿ ಹತ್ತು ಹೊಸ ವಿಚಾರಗಳನ್ನು ಬರೆಯಿರೆಂದರೆ ಯಾರಾದರೂ ಬರೆದಾರು. ಅವುಗಳಲ್ಲಿ ತಿರುಳಿರಬೇಕಾದರೆ ಬರೆಯುವವನು ತನ್ನ ಕೆಲಸವನ್ನೂ ಅದರಿಂದ ಬಾಳುವ ಜನರನ್ನೂ ವರ್ಷಗಟ್ಟಲೆ ನೋಡಿರಬೇಕು.

ಅಭ್ಯಾಸದ ವಿಷಯದಲ್ಲಿಯೂ ಹಿಂದಿನವರ ಲೆಕ್ಕ ಬೇರೆ. ಕ್ರಿ. ಶ. 900ರ ಸುಮಾರಿನಲ್ಲಿದ್ದ ರಾಜಶೇಖರ ‘ಕಾವ್ಯಮೀಮಾಂಸೆ’ಯಲ್ಲಿ ಕವಿಯ ದಿನಚರಿಯನ್ನೇ ಗೊತ್ತುಮಾಡಿದ್ದಾನೆ. ಹಗಲಿನ ನಾಲ್ಕು ಜಾವಗಳಲ್ಲಿ ಮೊದಲನೆಯದು ವಿದ್ಯೆಗಳ ವ್ಯಾಸಂಗಕ್ಕೆ, ಎರಡನೆಯದು ರಚನೆಗೆ, ಮೂರನೆಯದು ಕಾವ್ಯಗೋಷ್ಠಿಗೆ. ನಾಲ್ಕನೆಯದು ಬೆಳಗ್ಗೆ ಬರೆದುದನ್ನು ಒಬ್ಬನೇ ಕುಳಿತು, ಇಲ್ಲವೆ ಕೆಲವೇ ಮಂದಿಯೊಡನೆ, ಪರೀಕ್ಷಿಸುವುದಕ್ಕೆ. ಆವೇಶದಲ್ಲಿ ಬರೆಯುವಾಗ ವಿವೇಚನೆಯ ಕಣ್ಣು ಮುಚ್ಚಿರುತ್ತದೆಯಲ್ಲವೆ? ನಾಲ್ಕರಲ್ಲಿ ರಚನೆಗೆ ಮೀಸಲಾದದ್ದು ಒಂದೇ ಜಾವ!

ಇದೇ ರಾಜಶೇಖರನ ಇನ್ನೊಂದು ಮಾತು ಮುಂದಾಳುಗಳಿಗೆ ನೇರವಾಗಿ ಸಲ್ಲತಕ್ಕದ್ದು. ಅವನು ಪ್ರತಿಭೆಯನ್ನು ಎರಡಾಗಿ ವಿಂಗಡಿಸುತ್ತಾನೆ. ರಚಿಸುವವನದು ಕಾರಯಿತ್ರಿ, ರಚಿಸಿದ್ದನ್ನು ಅರಿತು ಸವಿಯುವವನದು ಭಾವಯಿತ್ರಿ. ಈ ಎರಡನೆಯದಿದ್ದರೇ ಕವಿಯ ಪರಿಶ್ರಮವೆಂಬ ಮರ ಫಲ ಬಿಟ್ಟೀತು, ಇಲ್ಲವಾದರೆ ಅದು ಬಂಜೆ ಮರ ಎನ್ನುತ್ತಾನೆ. ಭಾವಕರಲ್ಲಿ ಅವನು ಕಂಡದ್ದು ನಾಲ್ಕು ಬಗೆ. ಅರೋಚಕಿ, ಯಾವುದೂ ರುಚಿಸದವನು. ಸತೃಣಾಭ್ಯವಹಾರಿ, ಹುಲ್ಲನ್ನೂ ಸೇರಿಸಿ ನುಂಗುವವನು. ಮತ್ಸರಿ, ಪರರ ಗುಣವನ್ನು ಕಂಡೂ ಬಾಯಿ ಬಿಡದವನು. ಕೊನೆಗೆ ತತ್ತ್ವಾಭಿನಿವೇಶಿ, ನಿಜವಾದ ಗುಣವನ್ನೇ ಹುಡುಕುವವನು. ಈ ಕಡೆಯವನು ಸಾವಿರಕ್ಕೊಬ್ಬನಂತೆ. ಕಚೇರಿಯಲ್ಲಿ ದುಡಿಯುವ ವಾಚಕರಿಗೆ ಮೊದಲ ಮೂವರ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥ ಶಿಬಿರವೊಂದನ್ನು ಮುಗಿಸಿ ಉತ್ಸಾಹದಿಂದ ಕೆಲಸಕ್ಕೆ ಹಿಂದಿರುಗಿದ. ಜನರ ಅರ್ಜಿಗಳು ಮೂರು ಮೇಜುಗಳನ್ನು ಸುತ್ತುವ ಬದಲು ಒಂದೇ ಮೇಜಿನಲ್ಲಿ ಇತ್ಯರ್ಥವಾಗುವ ಕ್ರಮವೊಂದನ್ನು ಬರೆದು ಮೇಲಧಿಕಾರಿಗೆ ಕೊಟ್ಟ. ಆ ಕಾಗದ ಓದಿಸಿಕೊಳ್ಳದೆ ಡ್ರಾಯರನ್ನು ಸೇರಿತು. ಎರಡನೆಯ ಸಲ ಅವನು ಬರೆಯಲಿಲ್ಲ. ಅವನಿಗೆ ಪ್ರತಿಭೆ ಇರಲಿಲ್ಲವೆಂದು ಹೇಳುವವರು ಯಾರು? ಶಿಬಿರ ಬೇಕಾಗಿದ್ದುದು ಡ್ರಾಯರಿನ ಒಡೆಯನಿಗೆ.

ಇದಕ್ಕೆ ಎದುರಾಗಿ ನಮ್ಮ ಸಾಹಿತ್ಯಚರಿತ್ರೆಯ ಪ್ರಸಿದ್ಧ ಪ್ರಸಂಗವೊಂದನ್ನು ನೆನೆಯಬಹುದು. ತರುಣ ಪುಟ್ಟಪ್ಪನವರು ಮೊದಲು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. ‘ಬಿಗಿನರ್ಸ್ ಮ್ಯೂಸ್’ ಎಂಬ ಪುಸ್ತಿಕೆ 1922ರಲ್ಲಿ ಅಚ್ಚಾಗಿತ್ತು. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರು ಆ ಹುಡುಗನ ಇಂಗ್ಲಿಷ್ ಕವಿತೆಗಳನ್ನು ನೋಡಿ, ನಿಮ್ಮ ತಾಯ್ನುಡಿಯಲ್ಲಿಯೇ ಬರೆಯಬೇಕೆಂದು ಬುದ್ಧಿ ಹೇಳಿದರು. ಅವರಿಗೆ ಕನ್ನಡ ತಿಳಿಯದು. ಇಂಗ್ಲಿಷು ಅವರದೇ ಕವಿತೆಯ ಭಾಷೆ. ಸುಮ್ಮನೆ ಹೊಗಳಿದ್ದರೆ ಸತೃಣಾಭ್ಯವಹಾರಿ ಎನ್ನಿಸಿಕೊಳ್ಳುತ್ತಿದ್ದರು, ಮೂಗು ಮುರಿದಿದ್ದರೆ ಅರೋಚಕಿ. ಅವರು ಎರಡನ್ನೂ ಮಾಡದೆ, ಆ ಶಕ್ತಿಗೆ ತಕ್ಕ ನೆಲ ಯಾವುದೆಂಬುದನ್ನು ಕಂಡರು. ‘ಶ್ರೀ ರಾಮಾಯಣ ದರ್ಶನಂ’ ಬರೆದವರು ಕುವೆಂಪು. ಆದರೆ ದಾರಿಯ ಮೊದಲಲ್ಲಿ ಕೈಮರದಂತೆ ನಿಂತ ಈ ಭಾವಕನನ್ನು ಮರೆಯುವಂತಿಲ್ಲ.

ಮುಂದಾಳುತನಕ್ಕೆ ಬೇಕಾದ ಪ್ರತಿಭೆಯಲ್ಲಿ ಹೆಚ್ಚಿನ ಪಾಲು ಈ ಬಗೆಯದು. ಹೊಸದನ್ನು ತಾನೇ ಹೊಳೆಯಿಸಿಕೊಳ್ಳುವ ಅಧಿಕಾರಿ ದೊರೆತರೆ ಸಂತೋಷ. ಕೈಕೆಳಗಿನವನಿಗೆ ಹೊಳೆದುದನ್ನು ಕಾಳುಜೊಳ್ಳು ಬೇರ್ಪಡಿಸಿ ನೋಡುವವನು ದೊರೆತರೆ ಇಡೀ ಕಚೇರಿಯೇ ಬದುಕೀತು. ಈ ಮಾತು ಮೇಷ್ಟರುಗಳಾದ ನಮಗೂ ಅನ್ವಯಿಸುತ್ತದೆ. ನೂರು ಉತ್ತರಪತ್ರಿಕೆಗಳ ನಡುವೆ, ಗೈಡಿನ ವಾಕ್ಯವನ್ನು ಬಿಟ್ಟು ತನ್ನದೇ ಮಾತಿನಲ್ಲಿ ತಡವರಿಸುತ್ತ ಬರೆದ ಒಂದು ಪತ್ರಿಕೆ ಇರುತ್ತದೆ. ಅದರ ಮುಂದೆ ಕೆಂಪು ಶಾಯಿಯ ಲೇಖನಿ ಅರೆನಿಮಿಷ ನಿಂತರೂ, ಶಿಬಿರವಿಲ್ಲದೆಯೇ ಒಬ್ಬ ವಿದ್ಯಾರ್ಥಿ ಎರಡನೆಯ ಸಲ ಬರೆಯುವ ಧೈರ್ಯ ಮಾಡಿಯಾನು.