ತೀರ್ಪು ಮತ್ತು ಪಕ್ಷಪಾತ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಪರಿಸರದಲ್ಲಿ ಜಾತ್ರೆಗೂ ಕುಸ್ತಿಗೂ ಇರುವ ನಂಟು ಹಳೆಯದು. ಕಬಡ್ಡಿ, ಖೋ-ಖೋ ಪಂದ್ಯಗಳು ಕಾಲೇಜುಗಳ ಮೈದಾನಗಳನ್ನು ತುಂಬುತ್ತವೆ. ಆಟ ಮುಗಿದ ಮೇಲೆ ಪ್ರೇಕ್ಷಕರ ಬಾಯಲ್ಲಿ ಸಾಮಾನ್ಯವಾಗಿ ಕೇಳಿಬರುವ ವಾದಗಳು ಮೂರು: ಪಂಚರ ತೀರ್ಪು ತಪ್ಪು, ನಮ್ಮ ತಂಡವೇ ಬಲಿಷ್ಠ, ಆಟಗಾರರು ಕಣ ಬಿಟ್ಟು ಹೊರನಡೆದದ್ದೇ ಸರಿ. ಈ ಮೂರನ್ನೂ ಬಿಡಿಬಿಡಿಯಾಗಿ ಪರಿಶೀಲಿಸುವವರು ವಿರಳ. ನಾವು ಬಲಿಷ್ಠರಾದ್ದರಿಂದ ಸೋಲಬಾರದು, ಸೋತದ್ದರಿಂದ ತೀರ್ಪು ತಪ್ಪು, ತೀರ್ಪು ತಪ್ಪಾದ್ದರಿಂದ ಯಾವ ಪ್ರತಿಭಟನೆಯೂ ನ್ಯಾಯ ಎಂಬ ಸರಪಳಿ ಬೆಳೆಯುತ್ತದೆ. ಅದರ ಮೊದಲ ಕೊಂಡಿಯೇ ಅಭಿಮಾನವೆಂಬುದು ಗಮನಕ್ಕೆ ಬರುವುದಿಲ್ಲ.

ಈ ಮಾತಿಗೆ ನಮ್ಮ ನಾಡಿನ ರಾಜಧಾನಿಯಲ್ಲೇ ನಿದರ್ಶನವುಂಟು. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್ ಪಂದ್ಯಾವಳಿಯ ನಿರ್ಣಾಯಕ ಪಂದ್ಯವೊಂದು ಬೆಂಗಳೂರು ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳ ನಡುವೆ ನಡೆಯಿತು. ಹೆಚ್ಚುವರಿ ಅವಧಿಯಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ದೊರೆಯಿತು. ಎದುರಾಳಿಗಳು ಇನ್ನೂ ರಕ್ಷಣೆಗೆ ಸಜ್ಜಾಗುತ್ತಿರುವಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಗೋಲಿನೊಳಗೆ ಕಳುಹಿಸಿದರು. ತೀರ್ಪುಗಾರರು ಗೋಲನ್ನು ಮಾನ್ಯ ಮಾಡಿದರು. ಕೇರಳದ ತರಬೇತುದಾರರು ತಮ್ಮ ಆಟಗಾರರನ್ನು ಹೊರಕ್ಕೆ ಕರೆದೊಯ್ದರು, ತಂಡ ಮರಳಲಿಲ್ಲ. ಫ್ರೀ ಕಿಕ್ಕನ್ನು ತ್ವರಿತವಾಗಿ ಹೊಡೆಯಲು ಫುಟ್‌ಬಾಲ್ ನಿಯಮದಲ್ಲಿ ಅವಕಾಶವಿದೆ; ತೀರ್ಪುಗಾರರು ಸೀಟಿಗಾಗಿ ಕಾಯಲು ಸೂಚಿಸಿದ್ದರೆ ಮಾತ್ರ ಕಾಯಬೇಕು. ಅವರು ಹಾಗೆ ಸೂಚಿಸಿದ್ದರೇ ಎಂಬುದೇ ವಿವಾದದ ತಿರುಳು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೇರಳ ತಂಡಕ್ಕೆ 4 ಕೋಟಿ ರೂಪಾಯಿ ದಂಡ ವಿಧಿಸಿ, ತರಬೇತುದಾರರನ್ನು 10 ಪಂದ್ಯಗಳಿಂದ ನಿಷೇಧಿಸಿತು.

ಆಗ ಬೆಂಗಳೂರಿನ ಅಭಿಮಾನಿಗಳು ನಿಯಮದ ಪಕ್ಷ ವಹಿಸಿದರು. ತೀರ್ಪುಗಾರರ ಮಾತೇ ಅಂತಿಮವೆಂದು ವಾದಿಸಿದರು. ಹದಿನೈದು ದಿನಗಳ ತರುವಾಯ, ಮಾರ್ಚ್ 18ರಂದು, ಅದೇ ತಂಡ ಗೋವಾದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಎಟಿಕೆ ಮೋಹನ್ ಬಾಗಾನ್ ತಂಡವನ್ನು ಎದುರಿಸಿತು. 2–2 ಸಮಬಲದ ಬಳಿಕ ಪೆನಾಲ್ಟಿ ಒದೆತಗಳಲ್ಲಿ ಸೋತಿತು. ಎದುರಾಳಿಗಳಿಗೆ ದೊರೆತ ಪೆನಾಲ್ಟಿಯ ಕುರಿತು ಆಕ್ಷೇಪಗಳೆದ್ದವು. ತೀರ್ಪುಗಳ ಪರಿಶೀಲನೆಗೆ ವಿಡಿಯೋ ವ್ಯವಸ್ಥೆ ಬೇಕೆಂದು ತಂಡದ ಮಾಲೀಕರೇ ಬಹಿರಂಗವಾಗಿ ಒತ್ತಾಯಿಸಿದರು. ಆ ಬೇಡಿಕೆ ಅನುಚಿತವೆನ್ನಲಾಗದು. ಆದರೆ ಮಾರ್ಚ್ 3ರಂದು ಗೆದ್ದವರಿಗೆ ಅದು ನೆನಪಾಗಲಿಲ್ಲವೇಕೆ? ನ್ಯಾಯದ ಹಸಿವು ಸೋತವರಿಗಷ್ಟೇ ಆಗುವುದಾದರೆ ಅದು ನ್ಯಾಯದ ಹಸಿವಾಗಲಾರದು.

ಎರಡನೆಯ ನಿದರ್ಶನ ನಮ್ಮ ಮಣ್ಣಿನ ಆಟವಾದ ಕಬಡ್ಡಿಯದು. 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಪುರುಷರ ಅಂತಿಮ ಪಂದ್ಯದಲ್ಲಿ ಭಾರತ ಮತ್ತು ಇರಾನ್ 28–28ರಲ್ಲಿ ಸಮನಾಗಿದ್ದಾಗ, ದಾಳಿಗಿಳಿದ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಪಕ್ಕದ ಲಾಬಿಗೆ ಕಾಲಿಟ್ಟರು. ಇರಾನಿನ ರಕ್ಷಕರು ಅವರ ಹಿಂದೆಯೇ ಅಲ್ಲಿಗೆ ನುಗ್ಗಿದರು. ಹಳೆಯ ನಿಯಮದಂತೆ ಹಿಂಬಾಲಿಸಿದವರೆಲ್ಲರೂ ಔಟ್. ಹೊಸ ನಿಯಮದಂತೆ ದಾಳಿಗಾರನೊಬ್ಬನೇ ಔಟ್. ತೀರ್ಪು ಅತ್ತಿಂದಿತ್ತ ತೂಗಾಡಿತು, ಆಟಗಾರರು ಅಂಕಣದಲ್ಲೇ ಕುಳಿತು ಪ್ರತಿಭಟಿಸಿದರು, ಆಟ ಸುಮಾರು ಒಂದು ಗಂಟೆ ನಿಂತಿತು. ಕೊನೆಗೆ ಭಾರತ 33–29ರಿಂದ ಗೆದ್ದಿತು. ಕಬಡ್ಡಿ ನಮ್ಮದು, ಬಲ ನಮ್ಮದು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ; 2018ರಲ್ಲಿ ಇದೇ ಇರಾನ್ ಭಾರತವನ್ನು ಉಪಾಂತ್ಯದಲ್ಲಿ 27–18ರಿಂದ ಸೋಲಿಸಿತ್ತು. ಯಾವ ನಿಯಮವೆಂಬುದೇ ಎಲ್ಲರಿಗೂ ನಿಚ್ಚಳವಾಗಿರದಿದ್ದಲ್ಲಿ ತೀರ್ಪುಗಾರನೊಬ್ಬನನ್ನೇ ದೂಷಿಸುವುದು ಸಲ್ಲದು. ಹೊಣೆ ಸಂಘಟಕರದೂ ಹೌದು.

ಇಂಥ ವಿವಾದಗಳಲ್ಲಿ ಕೆಲವರು ಅನೇಕಾಂತದ ಹೆಸರೆತ್ತಿ, ಎಲ್ಲರ ಮಾತೂ ಸರಿ ಎಂದು ಕೈತೊಳೆದುಕೊಳ್ಳುವುದುಂಟು. ಇದು ಅನೇಕಾಂತದ ಅಪವ್ಯಾಖ್ಯಾನ. ಒಂದು ನಯದಿಂದ ಕಂಡದ್ದು ಆಂಶಿಕ ಸತ್ಯವೆಂದು ಒಪ್ಪುವುದು ಬೇರೆ, ನಿರ್ಣಯವನ್ನೇ ನಿರಾಕರಿಸುವುದು ಬೇರೆ. ಮಲ್ಲನ ಬೆನ್ನು ಮಣ್ಣಿಗೆ ತಾಗಿತೋ ಇಲ್ಲವೋ ಎಂಬುದನ್ನು ಪೂರ್ವದ ದಿಕ್ಕಿನವನು ಒಂದು ಬಗೆಯಲ್ಲಿ, ಪಶ್ಚಿಮದ ದಿಕ್ಕಿನವನು ಇನ್ನೊಂದು ಬಗೆಯಲ್ಲಿ ಕಂಡಿರಬಹುದು. ಆದರೆ ಬೆನ್ನು ತಾಗಿರುತ್ತದೆ, ಇಲ್ಲವೇ ತಾಗಿರುವುದಿಲ್ಲ. ಅನೇಕಾಂತವು ನೋಡುವವನಿಗೆ ವಿನಯವನ್ನು ಕಲಿಸುತ್ತದೆ. ತೀರ್ಪು ಕೊಡುವವನಿಗೆ ಬೇಕಾದುದು ಮಾಧ್ಯಸ್ಥ್ಯ.

ಬಾದಾಮಿಯ ನಾಲ್ಕನೆಯ ಗುಹೆಯಲ್ಲಿಯೂ ಹುನಗುಂದ ತಾಲ್ಲೂಕಿನ ಐಹೊಳೆಯ ಜೈನ ಗುಹೆಯಲ್ಲಿಯೂ ಬಾಹುಬಲಿಯ ಮೂರ್ತಿಯಿದೆ. ಪಂಪನು ಕ್ರಿ.ಶ. 941ರಲ್ಲಿ ಆದಿಪುರಾಣದಲ್ಲಿ ನಿರೂಪಿಸಿದ ಆ ಕಥೆ ನಿಯಮಬದ್ಧ ಸ್ಪರ್ಧೆಯ ಕಥೆಯೂ ಹೌದು. ಸೈನಿಕರ ಪ್ರಾಣಹಾನಿಯಾಗದಿರಲೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು; ಸೋದರರಿಬ್ಬರೂ ಒಪ್ಪಿದರು. ಷಟ್ಖಂಡಗಳನ್ನು ಗೆದ್ದ ಭರತನು ಮೂರರಲ್ಲಿಯೂ ಸೋತನು. ಸೋಲನ್ನು ತಾಳಲಾರದೆ, ಒಪ್ಪಂದವನ್ನು ಮೀರಿ ಚಕ್ರವನ್ನು ಪ್ರಯೋಗಿಸಿದನು. ಬಲಿಷ್ಠನೆಂಬ ಭಾವವೇ ಆತನನ್ನು ನಿಯಮಭಂಗಕ್ಕೆ ಎಳೆಯಿತು. ಗೆದ್ದ ಬಾಹುಬಲಿ ತನ್ನ ಗೆಲುವಿಗಾಗಿ ವಾದಿಸುತ್ತ ನಿಲ್ಲಲಿಲ್ಲ.

ಸಾಮಾನ್ಯ ಪ್ರೇಕ್ಷಕನಿಂದ ವೈರಾಗ್ಯವನ್ನು ಅಪೇಕ್ಷಿಸಬೇಕಿಲ್ಲ. ಪ್ರತಿಭಟನೆಯೇ ಕೂಡದೆಂದೂ ಹೇಳಬೇಕಿಲ್ಲ. ಅನ್ಯಾಯವನ್ನು ಮೌನವಾಗಿ ನುಂಗುವುದು ಕ್ಷಮೆಯಲ್ಲ. ಆದರೆ ನಾಯಕನು ತೀರ್ಪುಗಾರರ ಮುಂದೆ ಸಂಯಮದಿಂದ ಆಕ್ಷೇಪಿಸಿ, ಆಟ ಮುಗಿಸಿ, ಬಳಿಕ ಲಿಖಿತ ದೂರು ಕೊಡುವುದಕ್ಕೂ ಕಣವನ್ನೇ ತೊರೆಯುವುದಕ್ಕೂ ಬಹಳ ಅಂತರವಿದೆ. ಜಾತ್ರೆ, ಉತ್ಸವಗಳಲ್ಲಿ ಪಂದ್ಯಗಳನ್ನು ಏರ್ಪಡಿಸುವ ಕಮಿಟಿಗಳೂ ದೇವಸ್ಥಾನಗಳ ಟ್ರಸ್ಟುಗಳೂ ಮೂರು ಕಾರ್ಯಗಳನ್ನು ಮಾಡಬಹುದು: ಯಾವ ನಿಯಮಾವಳಿ ಅನ್ವಯಿಸುವುದೆಂದು ಮೊದಲೇ ಓದಿ ಹೇಳುವುದು, ಸ್ಪರ್ಧಿಸುವ ಊರುಗಳಿಗೆ ಸೇರದವರನ್ನು ಪಂಚರನ್ನಾಗಿ ಕರೆಸುವುದು, ದೂರನ್ನು ಯಾರು, ಯಾರಿಗೆ, ಎಷ್ಟು ಹೊತ್ತಿನೊಳಗೆ ಕೊಡಬೇಕೆಂದು ಗೊತ್ತುಪಡಿಸುವುದು. ಒಂದು ಅಂಕದ ಜಗಳ ಎರಡು ಊರುಗಳ ಹಗೆಯಾಗದಂತೆ ತಡೆಯಲು ಇಷ್ಟು ಸಿದ್ಧತೆ ಹೆಚ್ಚೇನಲ್ಲ.

ಪ್ರೇಕ್ಷಕನಾದವನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಎರಡು ತಂಡಗಳ ಅಂಗಿಗಳನ್ನು ಅದಲುಬದಲು ಮಾಡಿದ್ದರೂ ಈ ತೀರ್ಪನ್ನು ತಪ್ಪೆನ್ನುತ್ತಿದ್ದೆನೇ? ಹೌದೆಂದು ಮನಸ್ಸು ಹೇಳಿದರೆ ಆ ಆಕ್ಷೇಪ ನ್ಯಾಯವಾದುದು, ಅದನ್ನು ಆಡಲೇಬೇಕು. ಇಲ್ಲವೆಂದರೆ, ಎದುರಾಳಿಯ ಆಟವನ್ನು ಮೆಚ್ಚಿ ಮನೆಗೆ ನಡೆಯುವುದು ಲೇಸು.